ಅಕ್ಕನದು ಎ, ತಮ್ಮನದು ಓ: ಸ್ಟೆಮ್ ಸೆಲ್ ಕೊಡಬಹುದಾ?

ಪ್ರಶ್ನೆ (ದಾವಣಗೆರೆಯಿಂದ ಒಬ್ಬರು): ಮೇಡಂ, ನಮಸ್ಕಾರ. ನನ್ನ ತಮ್ಮನಿಗೆ 22 ವರ್ಷ. ಏಪ್ಲಾಸ್ಟಿಕ್ ಅನೀಮಿಯಾ, ಅಂದರೆ ಮೂಳೆಯೊಳಗಿನ ಮ್ಯಾರೋ ಸಾಕಷ್ಟು ರಕ್ತಕಣ ತಯಾರಿಸುತ್ತಿಲ್ಲ. ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಮಾಡಿಸಿ ಅಂದಿದ್ದಾರೆ. ಎಚ್‌ಎಲ್‌ಎ ಟೆಸ್ಟಿನಲ್ಲಿ ನನ್ನದು ಅವನಿಗೆ ಪೂರ್ತಿ ಹೊಂದಿದೆ ಅಂತ ಬಂದಾಗ ಮನೆಯಲ್ಲಿ ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ಆಮೇಲೆ ನೋಡಿದರೆ ನನ್ನ ಬ್ಲಡ್ ಗ್ರೂಪ್ ಎ ಪಾಸಿಟಿವ್, ಅವನದು ಓ ಪಾಸಿಟಿವ್. ಓ ಇದ್ದವರಿಗೆ ಎ ರಕ್ತ ಕೊಡಲೇಬಾರದು ಅಲ್ವಾ? ಡಾಕ್ಟರು "ಪರವಾಗಿಲ್ಲ, ನೋಡಿಕೊಳ್ಳುತ್ತೇವೆ" ಅಂದರು. ಜಾಸ್ತಿ ಕೇಳಲು ಧೈರ್ಯ ಬರಲಿಲ್ಲ. ಅಪ್ಪ ನಿದ್ದೆ ಬಿಟ್ಟು ಕೂತಿದ್ದಾರೆ.

ಉತ್ತರ (ರಕ್ತನಿಧಿ ವೈದ್ಯೆ): ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ಅಪ್ಪನಿಗೆ ಮೊದಲು ಅದನ್ನು ಹೇಳಿ.

ಸ್ಟೆಮ್ ಸೆಲ್, ಅಂದರೆ ಮ್ಯಾರೋದಲ್ಲಿ ರಕ್ತಕಣ ಹುಟ್ಟಿಸುವ ಮೂಲಕಣ, ಹಾಕುವಾಗ ಮುಖ್ಯವಾಗಿ ಹೊಂದಬೇಕಾದದ್ದು ಎಚ್‌ಎಲ್‌ಎ, ಅಂದರೆ ದೇಹ ತನ್ನದು ಯಾವುದು, ಹೊರಗಿನದು ಯಾವುದು ಅಂತ ತಿಳಿಯಲು ನೋಡುವ ಜೀವಕೋಶದ ಗುರುತು. ಅದರ ಜೀನ್‌ಗಳು 6ನೇ ಕ್ರೋಮೋಸೋಮ್ ಮೇಲೆ ಇವೆ. ಎ, ಬಿ, ಓ ತೀರ್ಮಾನಿಸುವ ಜೀನ್ ಇರುವುದು 9ನೇ ಕ್ರೋಮೋಸೋಮ್ ಮೇಲೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ಬರೀ ಶೇ 25. ನಿಮಗೆ ಆ ಅದೃಷ್ಟ ಸಿಕ್ಕಿದೆ, ಬ್ಲಡ್ ಗ್ರೂಪ್ ನೋಡಿ ಅದನ್ನು ಬಿಟ್ಟುಕೊಡಬೇಡಿ. ಬೇರೆಯವರಿಂದ ಸ್ಟೆಮ್ ಸೆಲ್ ಪಡೆಯುವ ಟ್ರಾನ್ಸ್‌ಪ್ಲಾಂಟ್‌ಗಳಲ್ಲಿ ಸುಮಾರು ಶೇ 30ರಿಂದ 50ರಷ್ಟು ಗ್ರೂಪ್ ಹೊಂದದೆಯೇ ನಡೆಯುತ್ತವೆ.

ಮೂಲ ಸ್ಟೆಮ್ ಸೆಲ್‌ಗಳ ಮೇಲೆ ಎ, ಬಿ ಗುರುತು ಇರುವುದಿಲ್ಲ. ತೊಂದರೆ ಇರುವುದು ಅವುಗಳ ಜೊತೆ ಚೀಲದಲ್ಲಿ ಬರುವ ನಿಮ್ಮ ಕೆಂಪು ರಕ್ತಕಣಗಳಲ್ಲಿ. ನಿಮ್ಮ ತಮ್ಮನ ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗ) ಎ ವಿರುದ್ಧದ ಆ್ಯಂಟಿಬಾಡಿ ಇದೆ. ಅದು ಆ ಕಣಗಳನ್ನು ಒಡೆಯುತ್ತದೆ. ಸೊಂಟದ ಮೂಳೆಯಿಂದ ಮ್ಯಾರೋ ತೆಗೆದರೆ ದೊಡ್ಡವರಿಗೆ ಒಂದು ಲೀಟರ್ ಆಸುಪಾಸು ಬೇಕಾಗುತ್ತದೆ, ಅದರಲ್ಲಿ ಕೆಂಪುಕಣ ತುಂಬಾ ಇರುತ್ತವೆ. ಏಪ್ಲಾಸ್ಟಿಕ್ ಅನೀಮಿಯಾದಲ್ಲಿ ಅನೇಕರು ಮ್ಯಾರೋವನ್ನೇ ಇಷ್ಟಪಡುತ್ತಾರೆ. ಹಾಗೆ ತೆಗೆದರೆ ಕೆಂಪುಕಣಗಳನ್ನು ಬೇರ್ಪಡಿಸಿ, ಉಳಿದದ್ದನ್ನು ಹಾಕುತ್ತಾರೆ. ಕೆಲವು ದಿನ ಇಂಜೆಕ್ಷನ್ ಕೊಟ್ಟು ಕೈಯ ನರದಿಂದ ಮಷೀನ್ ಮೂಲಕ ತೆಗೆದರೆ ಕೆಂಪುಕಣ ಕಡಿಮೆ, ಕೆಲಸ ಸಲೀಸು. ತಮ್ಮನ ಆ್ಯಂಟಿಬಾಡಿ ಎಷ್ಟಿದೆ ಅಂತ ಟೈಟರ್ ಟೆಸ್ಟ್ ಮಾಡುತ್ತಾರೆ. ತೀರಾ ಜಾಸ್ತಿ ಇದ್ದರೆ ಪ್ಲಾಸ್ಮಾ ಬದಲಿಸುವುದೂ ಉಂಟು. "ಟೈಟರ್ ಎಷ್ಟು ಬಂತು, ಕೆಂಪುಕಣ ತೆಗೆಯುತ್ತೀರಾ" ಅಂತ ಕೇಳಿ. ಇದನ್ನು ಕೇಳಿದರೆ ಯಾವ ಡಾಕ್ಟರೂ ಬೇಜಾರು ಮಾಡಿಕೊಳ್ಳಬಾರದು.

ನಿಮ್ಮ ಜೋಡಿಯಲ್ಲಿ ನಿಜವಾಗಿ ತಾಳ್ಮೆ ಬೇಕಾಗುವುದು ಆಮೇಲೆ. ತಮ್ಮನ ಹಳೆಯ ಆ್ಯಂಟಿಬಾಡಿ ಟ್ರಾನ್ಸ್‌ಪ್ಲಾಂಟ್ ದಿನವೇ ಮಾಯ ಆಗುವುದಿಲ್ಲ. ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಳಿಕಣ ಏರುತ್ತದೆ, ಪ್ಲೇಟ್‌ಲೆಟ್ ಏರುತ್ತದೆ, ಹಿಮೋಗ್ಲೋಬಿನ್ ಮಾತ್ರ ಮೇಲೇಳುವುದಿಲ್ಲ. ಆಗ ಮನೆಯವರು "ಟ್ರಾನ್ಸ್‌ಪ್ಲಾಂಟ್ ಫೇಲ್ ಆಯ್ತು" ಅಂತ ಕಂಗಾಲಾಗುತ್ತಾರೆ. ಹಾಗಲ್ಲ. ಹೊಸದಾಗಿ ಹುಟ್ಟುವ ಎ ಗುರುತಿನ ಕೆಂಪುಕಣಗಳನ್ನು ಆ ಆ್ಯಂಟಿಬಾಡಿ ಮ್ಯಾರೋದಲ್ಲೇ ತಡೆಯುತ್ತಿರುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಎ ದಾನಿ, ಓ ರೋಗಿ ಇದ್ದಾಗ ಸಾಧ್ಯತೆ ತುಸು ಜಾಸ್ತಿ. ಬಹಳಷ್ಟು ಜನರಲ್ಲಿ ತಾನಾಗಿಯೇ ಸರಿಹೋಗುತ್ತದೆ, ಅಲ್ಲಿಯವರೆಗೆ ರಕ್ತ ಹಾಕಬೇಕು. ಮೊಂಡು ಹಿಡಿದರೆ ರಿಟಕ್ಸಿಮ್ಯಾಬ್, ಡಾರಾಟುಮುಮ್ಯಾಬ್‌ನಂಥ ಔಷಧಿಗಳಿವೆ. ಪದೇಪದೇ ರಕ್ತ ಹಾಕಿದರೆ ಮೈಯಲ್ಲಿ ಕಬ್ಬಿಣ ಸೇರಿಕೊಳ್ಳುತ್ತದೆ, ಅದನ್ನು ತೋರಿಸುವ ಫೆರಿಟಿನ್ ಟೆಸ್ಟ್ ಮೇಲೂ ಕಣ್ಣಿರಲಿ.

ಸದಸ್ಯರು (ಹುಬ್ಬಳ್ಳಿ): ನಮ್ಮ ಮಾವನಿಗೆ ಕಿಡ್ನಿ ಕೊಡಲು ಹೋದಾಗ ಗ್ರೂಪ್ ಬೇರೆ ಅಂತ ವಾಪಸ್ ಕಳಿಸಿದರು. ಇಲ್ಲಿ ನಡೆಯುತ್ತೆ ಅಂದ್ರೆ ಅಲ್ಲಿ ಯಾಕೆ ನಡೆಯಲ್ಲ?

ಉತ್ತರ: ಕಿಡ್ನಿಯ ರಕ್ತನಾಳಗಳ ಒಳಗೋಡೆ ಮೇಲೂ ಎ, ಬಿ ಗುರುತು ಇರುತ್ತದೆ. ಆ್ಯಂಟಿಬಾಡಿ ಸೀದಾ ಅಲ್ಲಿಗೇ ಹೋಗಿ ಕಿಡ್ನಿಯನ್ನು ಹಾಳು ಮಾಡುತ್ತದೆ. ಈಗ ಗ್ರೂಪ್ ಹೊಂದದಿದ್ದರೂ ಆ್ಯಂಟಿಬಾಡಿ ತೆಗೆದು ಕಿಡ್ನಿ ಹಾಕುವ ಕಡೆಗಳಿವೆ, ಆದರೆ ತಯಾರಿ, ಖರ್ಚು ಎರಡೂ ಜಾಸ್ತಿ.

ಸದಸ್ಯರು (ಮಂಗಳೂರು): ನನ್ನ ಮಗಳಿಗೆ ಥಲಸ್ಸೀಮಿಯಾ, ಗ್ರೂಪ್ ಎ. ಕೊಡುವವನು ಅವಳ ಅಣ್ಣ, ಅವನದು ಓ. ಓ ಎಲ್ಲರಿಗೂ ಆಗುತ್ತೆ, ಹಾಗಾಗಿ ನಮಗೆ ಚಿಂತೆ ಇಲ್ಲ ಅಲ್ವಾ?

ಉತ್ತರ: ಚಿಂತೆ ಬೇಡ, ಎಚ್ಚರ ಬೇಕು. "ಓ ಎಲ್ಲರಿಗೂ ಆಗುತ್ತೆ" ಅನ್ನುವುದು ಕೆಂಪುಕಣದ ಮಾತು. ಅಣ್ಣನ ಚೀಲದಲ್ಲಿ ಎ ವಿರುದ್ಧದ ಆ್ಯಂಟಿಬಾಡಿ ಇರುವ ಪ್ಲಾಸ್ಮಾ ಇರುತ್ತದೆ, ಅದನ್ನು ಕಡಿಮೆ ಮಾಡಬಹುದು. ಜೊತೆಗೆ ಅವನ ಲಿಂಫೋಸೈಟ್‌ಗಳೂ (ಒಂದು ಬಗೆಯ ಬಿಳಿಕಣ) ಬರುತ್ತವೆ. ಅವು ಮಗಳ ಮೈ ಸೇರಿ ಎ ವಿರುದ್ಧ ಆ್ಯಂಟಿಬಾಡಿ ತಯಾರಿಸಬಹುದು. ಹಾಗಾದರೆ ಸಾಮಾನ್ಯವಾಗಿ 5ರಿಂದ 15 ದಿನಗಳ ಒಳಗೆ ಹಿಮೋಗ್ಲೋಬಿನ್ ದಿಢೀರ್ ಇಳಿಯುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ರೌಂಡ್ಸ್‌ವರೆಗೆ ಕಾಯಬೇಡಿ, ಆಗಲೇ ಸಿಸ್ಟರ್‌ಗೆ ಹೇಳಿ. ದುಡ್ಡಿನ ಏರ್ಪಾಡು ಇನ್ನೂ ಆಗಿಲ್ಲವಾದರೆ ಥಲಸ್ಸೀಮಿಯಾ ಬಾಲ ಸೇವಾ ಯೋಜನೆ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಿ. ಕೋಲ್ ಇಂಡಿಯಾ ಹಣದಿಂದ 10 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ವಯಸ್ಸು, ಆದಾಯದ ಷರತ್ತುಗಳಿವೆ.

ಸದಸ್ಯರು (ಮೈಸೂರು): ಒಬ್ಬರು ಪಾಸಿಟಿವ್, ಇನ್ನೊಬ್ಬರು ನೆಗೆಟಿವ್ ಇದ್ದರೆ?

ಉತ್ತರ: ಅದು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಆಮೇಲೆ ಯಾವ ರಕ್ತ ಹಾಕಬೇಕು ಅನ್ನುವುದನ್ನು ನಾವು ಲೆಕ್ಕ ಹಾಕಿಕೊಳ್ಳುತ್ತೇವೆ.

ದಾವಣಗೆರೆಯವರು: ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ತಮ್ಮನ ಗ್ರೂಪ್ ಎ ಆಗಿಬಿಡುತ್ತಾ? ಡ್ರೈವಿಂಗ್ ಲೈಸೆನ್ಸಿನಲ್ಲಿ ಓ ಅಂತ ಇದೆ.

ಉತ್ತರ: ಹೌದು, ಎ ಆಗುತ್ತದೆ. ಕೆಂಪುಕಣದ ಆಯಸ್ಸು ಸುಮಾರು 120 ದಿನ. ಹಳೆಯವು, ಹೊರಗಿನಿಂದ ಹಾಕಿದವು ಎಲ್ಲ ಮುಗಿದು ಹೊಸವು ತುಂಬಬೇಕು. ನಡುವೆ ಟೆಸ್ಟ್ ಮಾಡಿದರೆ ಎರಡು ಗ್ರೂಪ್ ಬೆರೆತ ಹಾಗೆ ಕಾಣುತ್ತದೆ, ಲ್ಯಾಬಿನವರು ತಲೆ ಕೆರೆದುಕೊಳ್ಳುತ್ತಾರೆ. ನೀವು ಅಕ್ಕ ಆಗಿರುವುದರಿಂದ ಅವನ ಬಿಳಿ ರಕ್ತಕಣಗಳಲ್ಲಿ ಹೆಣ್ಣಿನ ಎಕ್ಸ್‌ಎಕ್ಸ್ ಕ್ರೋಮೋಸೋಮ್ ಸಿಗುತ್ತದೆ. ಕಸಿ ಹಿಡಿಯಿತಾ ಅಂತ ತಿಳಿಯಲು ಅದನ್ನೇ ನೋಡುವುದೂ ಇದೆ. ಸ್ವಭಾವ ಬದಲಾಗಲ್ಲ, ಎಷ್ಟೋ ಅಮ್ಮಂದಿರು ಕೇಳುತ್ತಾರೆ ಅಂತ ಹೇಳಿದೆ. ಲೈಸೆನ್ಸ್ ನಿಧಾನವಾಗಿ ತಿದ್ದಿಸಿ. ಆದರೆ ಯಾವ ಆಸ್ಪತ್ರೆಗೆ ಹೋದರೂ "ಟ್ರಾನ್ಸ್‌ಪ್ಲಾಂಟ್ ಆಗಿದೆ, ಮೊದಲು ಓ, ದಾನಿ ಎ" ಅಂತ ಬರೆದ ಚೀಟಿ ಕೈಯಲ್ಲಿರಲಿ.

ದಾವಣಗೆರೆಯವರು: ಇನ್ನೊಂದು. ಟ್ರಾನ್ಸ್‌ಪ್ಲಾಂಟ್ ತನಕ ವಾರವಾರ ರಕ್ತ ಬೇಕು. ಚಿಕ್ಕಪ್ಪ, ಸೋದರಮಾವ ಎಲ್ಲ ಕೊಡಲು ನಿಂತಿದ್ದಾರೆ. ನಾನೂ ಕೊಡಲಾ?

ಉತ್ತರ: ನೀವು ಖಂಡಿತ ಬೇಡ. ಚಿಕ್ಕಪ್ಪ, ಸೋದರಮಾವನ ರಕ್ತವೂ ತಮ್ಮನ ಮೈಗೆ ಬೇಡ. ರಕ್ತಸಂಬಂಧಿಗಳ ರಕ್ತ ಮೊದಲೇ ಹಾಕಿದರೆ ಅವನ ದೇಹ ನಿಮ್ಮ ಕಣಗಳ ವಿರುದ್ಧ ಸಜ್ಜಾಗಬಹುದು, ಆಮೇಲೆ ಕಸಿ ಹಿಡಿಯುವುದೇ ಕಷ್ಟ. ಅವರು ಬ್ಲಡ್ ಬ್ಯಾಂಕಿಗೆ ಕೊಡಲಿ, ಅದು ಬೇರೆಯವರಿಗೆ ಹೋಗುತ್ತದೆ, ತಮ್ಮನಿಗೆ ಬೇರೆಯವರದು ಬರುತ್ತದೆ. ಅವನಿಗೆ ಹಾಕುವ ರಕ್ತ, ಪ್ಲೇಟ್‌ಲೆಟ್ ಎರಡೂ ಬಿಳಿಕಣ ಸೋಸಿದ್ದು, ಇರೇಡಿಯೇಟ್ ಮಾಡಿದ್ದು (ವಿಕಿರಣ ಹಾಯಿಸಿದ್ದು) ಇರಬೇಕು. ಟ್ರಾನ್ಸ್‌ಪ್ಲಾಂಟ್ ಶುರುವಾದ ಮೇಲೆ ಕೆಂಪುಕಣ ಓ, ಪ್ಲೇಟ್‌ಲೆಟ್ ಎ ಅಥವಾ ಎಬಿ ಬೇಕಾಗುತ್ತದೆ. ಇಲ್ಲೇ ಹಲವರು ಎಡವುತ್ತಾರೆ, ರೋಗಿ ಓ ಅಂತ ಓ ಗೆಳೆಯರನ್ನೇ ಸಾಲಾಗಿ ಕರೆತರುತ್ತಾರೆ. ಅವನ ಕಾಲೇಜು ಗೆಳೆಯರಲ್ಲಿ ಎ ಇರುವವರ ಫೋನ್ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ.