ಸಿಓ2 ಸಿಲಿಂಡರ್‌ನಿಂದ ಟಯರ್ ತುಂಬುವಾಗ ಎರಡನೇ ಟಯರ್‌ಗೇ ಗ್ಯಾಸ್ ನಿಂತುಹೋಗುತ್ತಿದೆ, ಯಾಕೆ?

ಮರಳುದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗಾಡಿಗೆ 33 ಇಂಚಿನ ಟಯರ್‌ಗಳು, 17 ಇಂಚಿನ ರಿಮ್. ಮರಳಿಗೆ ಇಳಿಯುವ ಮೊದಲು 15 ಪಿಎಸ್‌ಐಗೆ ಇಳಿಸಿ, ಡಾಂಬರು ಸಿಕ್ಕ ಮೇಲೆ 32ಕ್ಕೆ ಏರಿಸಬೇಕು. 12 ವೋಲ್ಟ್ ಕಂಪ್ರೆಸರ್ ಬದಲು 4.5 ಕೆ.ಜಿ. ಸಿಓ2 ಹಿಡಿಯುವ ಅಲ್ಯೂಮಿನಿಯಂ ಸಿಲಿಂಡರ್ ಇಟ್ಟಿದ್ದೇನೆ. ಅದಕ್ಕೆ ಹಾಕಿರುವುದು ಮಿಗ್ ವೆಲ್ಡಿಂಗಿನ (ಅನಿಲ ಹರಿಸುತ್ತಾ ಮಾಡುವ ಬೆಸುಗೆ) ರೆಗ್ಯುಲೇಟರ್, ಅಂದರೆ ಒತ್ತಡ ಇಳಿಸಿ ಬಿಡುವ ಸಾಧನ, ಹರಿವು ಅಳೆಯುವ ಫ್ಲೋಮೀಟರ್ ಇರುವಂಥದ್ದು.

ಒಂದು ಟಯರ್‌ಗೆ ಐದು ನಿಮಿಷ ಹಿಡಿಯುತ್ತೆ. ಎರಡನೆಯದು ಅರ್ಧ ಆಗುವಷ್ಟರಲ್ಲಿ ರೆಗ್ಯುಲೇಟರ್ ಮೇಲೆ ಬೆಳ್ಳಗೆ ಹಿಮ ಕಟ್ಟಿ ಗ್ಯಾಸ್ ನಿಂತೇ ಹೋಗುತ್ತೆ. ಹತ್ತು ನಿಮಿಷ ಬಿಟ್ಟರೆ ತಾನಾಗಿ ಮತ್ತೆ ಬರುತ್ತೆ. ಸಿಲಿಂಡರ್ ಕಡೆಯ ಗೇಜ್ ಮಾತ್ರ ಮೊದಲ ದಿನ ತೋರಿಸಿದಷ್ಟೇ ತೋರಿಸುತ್ತಿದೆ. ಇನ್ನೂ ಎಷ್ಟು ಉಳಿದಿದೆ ಅಂತ ತಿಳಿಯೋದು ಹೇಗೆ? ಸಾಯಂಕಾಲ 32 ಇಟ್ಟ ಟಯರ್ ಬೆಳಿಗ್ಗೆ 29 ತೋರಿಸುತ್ತೆ, ಸಿಓ2 ರಬ್ಬರಿನಿಂದ ಸೋರುತ್ತೆ ಅನ್ನುತ್ತಾರಲ್ಲ, ಅದೇನಾ?

ಬೀಡ್‌ಲಾಕ್

ಸಿಲಿಂಡರ್ ಸರಿಯಾಗೇ ಇದೆ. ರೆಗ್ಯುಲೇಟರ್ ಈ ಕೆಲಸದ್ದಲ್ಲ.

ಮೊದಲು ಲೆಕ್ಕ. ನಿಮ್ಮ ಟಯರ್ ಒಳಗಿನ ಜಾಗ ಸುಮಾರು 80 ಲೀಟರ್. 15ರಿಂದ 32ಕ್ಕೆ ಏರಿಸಲು 17 ಪಿಎಸ್‌ಐ, ಅಂದರೆ ವಾತಾವರಣದ ಒತ್ತಡದಲ್ಲಿ ಅಳೆದರೆ 93 ಲೀಟರ್ ಅನಿಲ ಒಳಗೆ ಹೋಗಬೇಕು. ಮಿಗ್ ಫ್ಲೋಮೀಟರ್ ಇರುವುದೇ ನಿಮಿಷಕ್ಕೆ 25 ಲೀಟರ್ ಆಸುಪಾಸಿಗೆ. ನಾಲ್ಕು ನಿಮಿಷಕ್ಕಿಂತ ಬೇಗ ಹೇಗಾದರೂ ಆದೀತು?

ಇನ್ನು ಕಟ್ಟಿಕೊಳ್ಳುವ ವಿಷಯ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನ ಹಿಮ ಗಾಳಿಯ ತೇವ ಅಷ್ಟೇ, ಅದರಿಂದ ತೊಂದರೆಯಿಲ್ಲ. ತೊಂದರೆ ಒಳಗಿದೆ. ಸಿಲಿಂಡರ್‌ನಲ್ಲಿರುವುದು ದ್ರವ ಸಿಓ2, ಅದರ ಮೇಲೆ ಆವಿ. 20 ಡಿಗ್ರಿಯಲ್ಲಿ ಆ ಆವಿಯ ಒತ್ತಡ ಸುಮಾರು 57 ಬಾರ್ (ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ). ಅಲ್ಲಿಂದ ಒಮ್ಮೆಗೇ ಕೆಳಗಿಳಿಸಿದಾಗ ಅನಿಲ ವಿಪರೀತ ತಣ್ಣಗಾಗುತ್ತೆ. ಗೇಜ್ ಲೆಕ್ಕದಲ್ಲಿ 60 ಪಿಎಸ್‌ಐಗಿಂತ ಕೆಳಗೆ ಸಿಓ2 ದ್ರವವಾಗಿ ಇರುವುದೇ ಇಲ್ಲ, ಒಂದೋ ಅನಿಲ, ಇಲ್ಲವೇ ಡ್ರೈ ಐಸ್, ಅಂದರೆ ಗಟ್ಟಿಯಾದ ಸಿಓ2. ವೆಲ್ಡಿಂಗ್ ರೆಗ್ಯುಲೇಟರ್ ಹೊರಬಿಡುವುದು ಸಾಮಾನ್ಯವಾಗಿ 50 ಪಿಎಸ್‌ಐ ಅಥವಾ ಅದಕ್ಕೂ ಕಡಿಮೆ. ಹಾಗಾಗಿ ಅದರ ಸೀಟಿನ ಮೇಲೇ, ಆ ಸಣ್ಣ ತೂತಿನಲ್ಲೇ ಡ್ರೈ ಐಸ್ ಪುಡಿ ಕೂತು ದಾರಿ ಮುಚ್ಚುತ್ತೆ. ಹತ್ತು ನಿಮಿಷ ಬಿಟ್ಟರೆ ಅದು ಆವಿಯಾಗಿ ದಾರಿ ಬಿಡುತ್ತೆ. ವೆಲ್ಡಿಂಗ್ ಶಾಪ್‌ಗಳಲ್ಲಿ ಸಿಓ2 ರೆಗ್ಯುಲೇಟರ್‌ಗೆ ಹೀಟರ್ ಹಾಕುವುದು ಇದಕ್ಕೇ.

ನಿಮಗೆ ಬೇಕಾದದ್ದು ಸಿಓ2ಗೆಂದೇ ಮಾಡಿದ, ಹೊರಗೆ 100ರಿಂದ 150 ಪಿಎಸ್‌ಐ ಕೊಡುವ, ಹೆಚ್ಚು ಹರಿವಿನ ರೆಗ್ಯುಲೇಟರ್. ಅಷ್ಟು ಒತ್ತಡದಲ್ಲಿ ಒಳಗೆ ಡ್ರೈ ಐಸ್ ಹುಟ್ಟುವುದಿಲ್ಲ, ಉಳಿದ ತಣುಪನ್ನು ಹೋಸ್ ನೀಗಿಸಿಕೊಳ್ಳುತ್ತೆ. ಅದಕ್ಕೇ 8-10 ಮೀಟರ್ ಹೋಸ್ ಇದ್ದರೆ ಒಳ್ಳೆಯದು. ರಬ್ಬರ್ ಹೋಸ್ ಆಗಲಿ, ಕನಿಷ್ಠ 300 ಪಿಎಸ್‌ಐ ತಡೆಯುವಂಥದ್ದು. ಪಿವಿಸಿ ಹೋಸ್ ಚಳಿಗೆ ಕಡ್ಡಿಯಂತಾಗಿ ಬಿರುಕು ಬಿಡುತ್ತೆ. ತುದಿಗೆ ಟಯರ್ ವಾಲ್ವಿಗೆ ಕಚ್ಚಿಕೊಳ್ಳುವ ಚಕ್, ಒತ್ತುವ ಲಿವರ್, ಗೇಜ್. ಇಷ್ಟಾದರೆ ಒಂದು ಟಯರ್ ಒಂದು ನಿಮಿಷದೊಳಗೆ.

ಆದರೆ ಗಮನಿಸಿ: ಈಗ ಹೋಸಿನಲ್ಲಿರುವುದು 150 ಪಿಎಸ್‌ಐ, ಟಯರ್‌ಗೆ ಬೇಕಿರುವುದು 32. ಲಿವರ್ ಒತ್ತಿಹಿಡಿದು ಮಾತಿಗೆ ನಿಲ್ಲಬೇಡಿ. ಹತ್ತು ಸೆಕೆಂಡಿಗೊಮ್ಮೆ ಬಿಟ್ಟು ನೋಡಿ. ಲಿವರ್ ಒತ್ತಿರುವಾಗ ಗೇಜ್ ತೋರಿಸುವುದು ಹೋಸಿನ ಒತ್ತಡ, ಟಯರಿನದ್ದಲ್ಲ.

ತೂಕದಕಲ್ಲು

ಗೇಜಿನ ಪ್ರಶ್ನೆಗೆ: ಒಳಗೆ ಒಂದು ಲೋಟದಷ್ಟು ದ್ರವ ಉಳಿದಿದ್ದರೂ ಆ ಮುಳ್ಳು ಅಲ್ಲೇ ನಿಲ್ಲುತ್ತೆ. ಅದು ತೋರಿಸುವುದು ಸಿಲಿಂಡರ್ ಎಷ್ಟು ಬೆಚ್ಚಗಿದೆ ಅನ್ನುವುದನ್ನು. 0 ಡಿಗ್ರಿಯಲ್ಲಿ 35 ಬಾರ್, 20ರಲ್ಲಿ 57. ದ್ರವ ಪೂರ್ತಿ ಮುಗಿದ ಮೇಲಷ್ಟೇ ಮುಳ್ಳು ಬೀಳುತ್ತೆ, ಬಿತ್ತೆಂದರೆ ಹೆಚ್ಚು ಹೊತ್ತಿಲ್ಲ.

ತಕ್ಕಡಿ ಒಂದೇ ದಾರಿ. ಸಿಲಿಂಡರಿನ ಭುಜದ ಮೇಲೆ ಖಾಲಿ ತೂಕ ಹೊಡೆದಿರುತ್ತಾರೆ. ರೆಗ್ಯುಲೇಟರ್ ಬಿಚ್ಚಿ ತೂಗಿ, ಅದನ್ನು ಕಳೆಯಿರಿ. ನಿಮ್ಮ ಟಯರ್‌ಗೆ ಒಂದು ಸಲಕ್ಕೆ 170 ಗ್ರಾಂ, ನಾಲ್ಕಕ್ಕೆ 700 ಗ್ರಾಂ ಅಂತ ಹಿಡಿಯಿರಿ. ತುಂಬಿದ 4.5 ಕೆ.ಜಿ.ಯಲ್ಲಿ ಲೆಕ್ಕಕ್ಕೆ ಆರು ಸಲ ಬರುತ್ತೆ, ಸೋರಿಕೆ ಮತ್ತು ಹೋಸ್ ಬಿಚ್ಚಿ ಹಾಕುವಾಗ ಹೋಗುವುದನ್ನು ಕಳೆದರೆ ಐದು. ಒಂದು ಕೆ.ಜಿ.ಗಿಂತ ಕಡಿಮೆ ಉಳಿದಾಗ ಹೊರಡಬೇಡಿ. ದ್ರವ ಕಡಿಮೆಯಿದ್ದಷ್ಟೂ ಸಿಲಿಂಡರ್ ಬೇಗ ತಣ್ಣಗಾಗಿ ಹರಿವು ಸೊರಗುತ್ತೆ.

ಬೆಳಗಿನ 3 ಪಿಎಸ್‌ಐ ರಬ್ಬರಿನಿಂದ ಹೋದದ್ದಲ್ಲ. ಟಯರ್‌ನಲ್ಲಿ ಸುಮಾರು 5-6 ಡಿಗ್ರಿಗೆ 1 ಪಿಎಸ್‌ಐ ಇಳಿಯುತ್ತೆ. ಓಡಿಸಿ ಬಿಸಿಯಾದ ಟಯರ್‌ಗೆ 32 ಇಟ್ಟಿದ್ದರೆ ಬೆಳಗಿನ ತಂಪಿಗೆ 29 ಸಹಜ. ಸಿಓ2 ಟಯರಿನ ಒಳಪದರದ ಬ್ಯೂಟೈಲ್ ರಬ್ಬರಿನಲ್ಲಿ ನೈಟ್ರೋಜನ್‌ಗಿಂತ ಎಷ್ಟೋ ಪಟ್ಟು ವೇಗವಾಗಿ ನುಸುಳುವುದು ನಿಜ, ಆದರೆ ದಪ್ಪ ಟಯರ್‌ನಲ್ಲಿ ಅದು ಗೊತ್ತಾಗುವುದು ವಾರಗಳಲ್ಲಿ. ಪ್ರಯಾಣ ಮುಗಿದ ಮೇಲೆ ಟಯರ್ ತಣ್ಣಗಿರುವಾಗ ಮಾಮೂಲಿ ಗಾಳಿಯಿಂದ ಸರಿಮಾಡಿಕೊಂಡರೆ ಸಾಕು. ಒಂದೇ ಟಯರ್ ಉಳಿದವಕ್ಕಿಂತ ಹೆಚ್ಚು ಇಳಿದಿದ್ದರೆ ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿ. ಗಾಳಿ ಇಳಿಸುವಾಗ ಮರಳಿನ ಒಂದು ಕಾಳು ಪಿನ್ ಸೀಟಿನಲ್ಲಿ ಸಿಕ್ಕಿಕೊಂಡಿದ್ದರೆ ಗುಳ್ಳೆ ಏಳುತ್ತೆ.

ಮರಳುದಾರಿ

ತುಂಬಾ ಉಪಕಾರ ಆಯ್ತು. ಟಯರ್ ಬಿಸಿ ಇದ್ದಾಗಲೇ ಅಳೆದಿದ್ದೆ. ಇನ್ನೆರಡು ಕೇಳ್ತೀನಿ. ಸಿಲಿಂಡರನ್ನು ಡಿಕ್ಕಿಯಲ್ಲಿ ಮಲಗಿಸಿ ಇಡಬಹುದಾ? ಹಳೇ ಸಿಓ2 ಬೆಂಕಿನಂದಕದ ಸಿಲಿಂಡರ್ ಒಂದಿದೆ, ಅದನ್ನು ಎರಡನೆಯದಾಗಿ ಬಳಸಬಹುದಾ?

ಬೀಡ್‌ಲಾಕ್

ಬೆಂಕಿನಂದಕ ಬೇಡ. ಅದರೊಳಗೆ ತಳದವರೆಗೆ ಇಳಿದ ಕೊಳವೆ ಇರುತ್ತೆ, ದ್ರವವನ್ನೇ ಮೇಲೆತ್ತಲು. ಅದು ರೆಗ್ಯುಲೇಟರ್‌ಗೆ ನುಗ್ಗಿದರೆ ಸೀಲ್‌ಗಳು ಹೋದವು. ಹೋಸಿನೊಳಗೆ ದ್ರವ ಸಿಕ್ಕಿಕೊಂಡು ಬೆಚ್ಚಗಾದರೆ ಹೋಸೂ ಸಿಡಿಯಬಹುದು. ಟಯರ್ ತುಂಬುವಾಗ ಸಿಲಿಂಡರ್ ನೆಟ್ಟಗೆ ನಿಂತಿರಬೇಕು ಅನ್ನುವುದಕ್ಕೂ ಇದೇ ಕಾರಣ. ಸಾಗಿಸುವಾಗ ವಾಲ್ವ್ ಬಿಗಿದು, ರೆಗ್ಯುಲೇಟರ್ ಬಿಚ್ಚಿ ಮಲಗಿಸಬಹುದು, ಆದರೆ ಬಳಸುವ ಕೆಲವು ನಿಮಿಷ ಮುಂಚೆ ನಿಲ್ಲಿಸಿ. ಎರಡು ಪಟ್ಟಿಯಿಂದ ಗಾಡಿಯ ಚಾಸಿಗೇ ಕಟ್ಟಿ. ವಾಲ್ವ್ ಮುರಿದ ಸಿಲಿಂಡರ್ ರಾಕೆಟ್ ಇದ್ದಂತೆ.

ಜೋಡಿಸುವ ಕ್ರಮ ಹೇಳಿಬಿಡ್ತೀನಿ. ರೆಗ್ಯುಲೇಟರಿನ ತಿರುಪು ಪೂರ್ತಿ ಸಡಿಲ. ವಾಶರ್ ನೈಲಾನ್ ಅಥವಾ ಟೆಫ್ಲಾನ್, ಒತ್ತಿ ಚಪ್ಪಟೆಯಾಗಿದ್ದರೆ ಹೊಸದು. ಸಾಮಾನ್ಯ ನೈಟ್ರೈಲ್ ಓ-ರಿಂಗ್ ಸಿಓ2 ಹೀರಿ ಊದಿಕೊಳ್ಳುತ್ತೆ, ಒತ್ತಡ ಇಳಿದಾಗ ಒಳಗಿಂದ ಗುಳ್ಳೆ ಎದ್ದು ಸೀಳುತ್ತೆ. ಸ್ಪ್ಯಾನರ್‌ನಿಂದ ಬಿಗಿದ ಮೇಲೆ, ಗೇಜಿನ ಎದುರು ನಿಲ್ಲದೆ ಪಕ್ಕಕ್ಕೆ ನಿಂತು ವಾಲ್ವ್ ನಿಧಾನ ತೆರೆಯಿರಿ, ಸೋಪಿನ ನೊರೆ ಹಚ್ಚಿ ನೋಡಿ, ಆಮೇಲೆ ತಿರುಪು ಒಳಗೆ. ಬೀಡ್ (ರಿಮ್‌ಗೆ ಕೂರುವ ಟಯರಿನ ಅಂಚು) ಕಳಚಿದ ಟಯರ್ ಕೂರಿಸುವುದಾದರೆ ವಾಲ್ವ್ ಪಿನ್ ತೆಗೆದು ಹೊಡೆಯಿರಿ, 40 ಪಿಎಸ್‌ಐ ದಾಟಬೇಡಿ. ಅಷ್ಟಕ್ಕೂ ಕೂರದಿದ್ದರೆ ಗಾಳಿ ಬಿಟ್ಟು ಅಂಚಿನ ಮಣ್ಣು ಒರೆಸಿ ಮತ್ತೆ ಶುರು.

ನೆರಳುಕಟ್ಟೆ

ಡಿಕ್ಕಿ ವಿಷಯ ಬಂದದ್ದಕ್ಕೆ. ಮೊದಲನೆಯದು ಬಿಸಿಲು. 31 ಡಿಗ್ರಿ ದಾಟಿದರೆ ಸಿಓ2ನಲ್ಲಿ ದ್ರವ-ಆವಿ ಎಂಬ ಭೇದವೇ ಇರುವುದಿಲ್ಲ, ಒತ್ತಡ ಸರಸರ ಏರುತ್ತೆ. ಒಂದು ಲೀಟರ್ ಜಾಗಕ್ಕೆ 680 ಗ್ರಾಂ ಮೀರದಂತೆ ತುಂಬಿದ ಸಿಲಿಂಡರ್ ಕೂಡ 65 ಡಿಗ್ರಿಯಲ್ಲಿ 190 ಬಾರ್ ಹತ್ತಿರ ಬರುತ್ತೆ. ಗಾಜು ಮುಚ್ಚಿ ಬಿಸಿಲಿಗೆ ನಿಂತ ಗಾಡಿಯಲ್ಲಿ ಅಂಥ ಶಾಖ ಅಪರೂಪವಲ್ಲ. ಅದಕ್ಕೇ ತೂಕ ಹಾಕಿಯೇ ತುಂಬಿಸಿ, ಇನ್ನೂರು ಗ್ರಾಂ ಹೆಚ್ಚಿರಲಿ ಅನ್ನಬೇಡಿ. ಹೆಚ್ಚಾದರೆ ವಾಲ್ವ್ ಪಕ್ಕದ ಸುರಕ್ಷತಾ ಬಿಲ್ಲೆ ಒಡೆದು ಎಲ್ಲವೂ ಹೊರಗೆ.

ಹೊರಗೆ ಅಂದರೆ ನಿಮ್ಮ ಗಾಡಿಯೊಳಗೆ, ಇದು ಎರಡನೆಯದು. ಗಾಳಿಯಲ್ಲಿ 4% ಸಿಓ2 ಆದರೇ ಅಪಾಯದ ಗೆರೆ. ಗಾಡಿಯೊಳಗೆ 3,500 ಲೀಟರ್ ಗಾಳಿ ಇದೆ ಅಂದುಕೊಳ್ಳಿ, ಅದಕ್ಕೆ 260 ಗ್ರಾಂ ಸೋರಿದರೆ ಸಾಕು. ನಿಮ್ಮ ಸಿಲಿಂಡರಿನಲ್ಲಿರುವುದು ಅದರ ಹದಿನೇಳು ಪಟ್ಟು. ವಾಸನೆ ಇಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ, ಕೆಳಗೇ ನಿಲ್ಲುತ್ತೆ. ಪಿಕಪ್ ಆಗಿದ್ದರೆ ಹಿಂದಿನ ತೆರೆದ ತೊಟ್ಟಿಯಲ್ಲಿ ನೆರಳು ಮಾಡಿ ಇಡಿ. ಮುಚ್ಚಿದ ಗಾಡಿಯಾದರೆ ಪ್ರತಿ ಸಲ ವಾಲ್ವ್ ಬಾಯಿಗೆ ನೊರೆ ಹಚ್ಚಿ ನೋಡಿ, ಕಿಟಕಿ ಸ್ವಲ್ಪ ಇಳಿಸಿರಲಿ, ಒಳಗೆ ಯಾರೂ ಮಲಗಬೇಡಿ.

ಸಿಓ2 ಸಿಗಲಿಲ್ಲ ಅಂತ ಆಕ್ಸಿಜನ್ ಸಿಲಿಂಡರ್ ಜೋಡಿಸುವ ಯೋಚನೆ ಯಾರಿಗಾದರೂ ಬಂದರೆ, ದಯವಿಟ್ಟು ಬೇಡ. ಚಕ್ಕಿನಲ್ಲಿರುವ ಒಂದು ಹನಿ ಎಣ್ಣೆ ಸಾಕು ಹೊತ್ತಿಕೊಳ್ಳಲು. ಅಡುಗೆ ಗ್ಯಾಸ್ ಕೂಡ ಅಷ್ಟೇ: ಮುಂದೆ ಯಾವತ್ತೋ ಆ ರಿಮ್‌ಗೆ ಬೆಸುಗೆ ಹಾಕಲು ಕೂರುವವನಿಗೆ ಟಯರ್ ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ನೈಟ್ರೋಜನ್ ಆಗಬಹುದು. 10 ಲೀಟರ್ ಸಿಲಿಂಡರ್ 200 ಬಾರ್‌ನಲ್ಲಿ ಸುಮಾರು 2,000 ಲೀಟರ್ ಕೊಡುತ್ತೆ, ನಿಮ್ಮ ಸಿಓ2 ಸುಮಾರು 2,400. ಅದರಲ್ಲಿ ಹೆಪ್ಪುಗಟ್ಟುವ ಕಾಟವಿಲ್ಲ, ಗೇಜಿನ ಮುಳ್ಳೂ ಉಳಿದದ್ದನ್ನು ಸರಿಯಾಗಿ ಹೇಳುತ್ತೆ, ಆದರೆ ಸಿಲಿಂಡರಿನ ತೂಕ ಹೆಚ್ಚು. ಸಿಓ2 ರೆಗ್ಯುಲೇಟರನ್ನು ಮಾತ್ರ ಅದಕ್ಕೆ ಹಾಕಬೇಡಿ, ಎರಡರ ಥ್ರೆಡ್ ಬೇರೆ ಇರುವುದು ಈ ಅದಲುಬದಲು ಆಗಬಾರದೆಂದೇ.