ಅಪ್‌ಡೇಟ್: ಅಕ್ಕ ಮತ್ತೆ ಓಡಲು ಶುರು ಮಾಡಿದ್ದಾಳೆ

ಒಂಟಿಯಾಗಿಬಿಟ್ಟಿರುವ ನಮ್ಮ ಅಕ್ಕನಿಗೆ ಹೇಗೆ ಸಹಾಯ ಮಾಡೋದು ಅಂತ ಹತ್ತು ದಿನದ ಹಿಂದೆ ಇಲ್ಲಿ ಕೇಳಿದ್ದೆ. 1994ರಲ್ಲಿ ಸೇನೆ ಸೇರಿ, ಶಾರ್ಟ್ ಸರ್ವಿಸ್ (ಸೀಮಿತ ವರ್ಷಗಳ ಸೇವೆ) ಮುಗಿಸಿ ಮೇಜರ್ ಆಗಿ ಹೊರಬಂದವಳು. ಪುಣೆಗೆ ಬಂದ ಮೇಲೆ ಯಾರ ಜೊತೆಗೂ ಬೆರೆಯುತ್ತಿರಲಿಲ್ಲ. "ಮೇಜರ್ ಸಾಬ್ ಇದ್ದಾರಾ?" ಅಂತ ಬಂದವರೆಲ್ಲ ಭಾವನನ್ನು ಹುಡುಕುತ್ತಿದ್ದರು. ಭಾವ ಬ್ಯಾಂಕಿನಲ್ಲಿದ್ದವರು.

ನಿಮ್ಮಲ್ಲಿ ಸನ್ಮಾನ ಮಾಡಿ ಅಂದವರೇ ಜಾಸ್ತಿ. ಮಾಡಿದೆವು. ಶಾಲು, ಹಾರ, ಮೈಸೂರು ಪೇಟ. ಮನೆಗೆ ಬಂದು ಎಲ್ಲವನ್ನೂ ಬೀರುವಿಗೆ ಸೇರಿಸಿದಳು, ಅಷ್ಟೇ. ಮಾಜಿ ಸೈನಿಕರ ಕೂಟಕ್ಕೂ ಹೋದೆವು. ಅಲ್ಲಿಗೆ ಬಂದಿದ್ದ ಹೆಂಗಸರೆಲ್ಲ ಗಂಡಂದಿರ ಜೊತೆ ಬಂದವರು. ಬೇಗ ಎದ್ದು ಬಂದಳು.

ಫಲ ಕೊಟ್ಟಿದ್ದು "ಅವರಿಗೆ ಸಹಾಯ ಮಾಡಬೇಡಿ, ಅವರ ಸಹಾಯ ಕೇಳಿ" ಅಂದವರ ಮಾತು. ಪಕ್ಕದ ಕಟ್ಟಡದ ಧಾರವಾಡದವರ ಮಗಳು ಸೇನಾಧಿಕಾರಿಗಳನ್ನು ತರಬೇತುಗೊಳಿಸುವ ಎನ್‌ಡಿಎ ಅಕಾಡೆಮಿಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಖಡಕ್‌ವಾಸ್ಲಾದ ಆ ಅಕಾಡೆಮಿಗೆ ಹುಡುಗಿಯರ ಮೊದಲ ತಂಡ ಹೋಗಿದ್ದೇ 2022ರಲ್ಲಿ ಅಲ್ವಾ, ಕೇಳೋಣ ಅಂದ್ರೆ ಅವಳಿಗೆ ಯಾರೂ ಇರಲಿಲ್ಲ. "ಆಂಟಿ, ಸಂದರ್ಶನದಲ್ಲಿ ಏನು ನೋಡ್ತಾರೆ?" ಅಂತ ಅಕ್ಕನ ಹತ್ತಿರ ಬಂದಳು. ಇಬ್ಬರೂ ಎರಡು ಗಂಟೆ ಮಾತಾಡಿದರು. ಈಗ ಬೆಳಿಗ್ಗೆ ಐದೂವರೆಗೆ ಒಟ್ಟಿಗೆ ಓಡುತ್ತಾರೆ. ನಿನ್ನೆ ಇನ್ನೂ ಮೂವರು ಹುಡುಗಿಯರು ಸೇರಿಕೊಂಡರು. ಅಕ್ಕನ ಆ ಗಟ್ಟಿ ದನಿ ಕೇಳಿ ಎಷ್ಟು ವರ್ಷವಾಗಿತ್ತು!

ಇನ್ನೊಂದು ವಿಷಯ ಈಗ ಗೊತ್ತಾಯಿತು. ಪಿಂಚಣಿ ಇಲ್ಲದ ಶಾರ್ಟ್ ಸರ್ವಿಸ್ ಅಧಿಕಾರಿಗಳಿಗೂ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ವೈದ್ಯಕೀಯ ಯೋಜನೆಗೆ ಸೇರಲು 2019ರಲ್ಲಿ ಅವಕಾಶ ಕೊಟ್ಟಿದ್ದಾರೆ. ಒಂದು ಸಲ ಹಣ ಕಟ್ಟಬೇಕು. ಅಕ್ಕ ಅರ್ಜಿಯನ್ನೇ ಹಾಕಿರಲಿಲ್ಲ. "ಅದೆಲ್ಲ ನನ್ನಂಥವರಿಗಲ್ಲ ಅಂದುಕೊಂಡಿದ್ದೆ" ಅಂದಳು. ಕೇಳಿ ತುಂಬಾ ನೋವಾಯಿತು. ಸೋಮವಾರ ಕಾಗದಪತ್ರ ಹಿಡಿದು ಇಬ್ಬರೂ ಹೋಗುತ್ತಿದ್ದೇವೆ.