ಬೆಳಗಿನ ಮಾತ್ರೆ ಕೆಲಸ ಮಾಡುತ್ತದೆ, ಮಧ್ಯಾಹ್ನದ್ದು ಯಾಕೆ ಮಾಡಲ್ಲ? (ಪಾರ್ಕಿನ್ಸನ್)

ತೆಂಗಿನಗರಿ:
ನಮಸ್ಕಾರ. ನನಗೆ 56 ವರ್ಷ, ಅರಸೀಕೆರೆ ಹತ್ತಿರದ ಹಳ್ಳಿ. ಮೂರು ವರ್ಷದ ಹಿಂದೆ ಪಾರ್ಕಿನ್ಸನ್ ಅಂತ ಹೇಳಿದರು. ಮೊದಲು ಸುಳಿವು ಸಿಕ್ಕಿದ್ದು ಕೈ ನಡುಕದಿಂದ ಅಲ್ಲ, ರಂಗೋಲಿಯಿಂದ. ಹದಿನೈದು ಚುಕ್ಕಿ ಇಡಲು ಹೊರಟರೆ ಆರನೆಯದರ ಹೊತ್ತಿಗೆ ಒತ್ತೊತ್ತಾಗಿ, ಕೊನೆಗೆ ರಂಗೋಲಿ ಅಂಗೈ ಅಗಲಕ್ಕೆ ಇಳಿಯುತ್ತಿತ್ತು. "ಏನತ್ತೆ, ಪುಡಿ ಉಳಿಸ್ತಿದ್ದೀರಾ?" ಎಂದು ಸೊಸೆ ನಕ್ಕಳು. ನಾನೂ ನಕ್ಕೆ. ಜೊತೆಗೆ ಭುಜ ನೋವು. ಅದಕ್ಕೆ ಎರಡು ವರ್ಷ ಎಣ್ಣೆ ತಿಕ್ಕಿಸಿಕೊಂಡಿದ್ದೇ ಬಂತು.

ಈಗ ಸಿಂಡೋಪಾ 110, ದಿನಕ್ಕೆ ಮೂರು. ಬೆಳಗ್ಗೆ ಆರಕ್ಕೆ ನುಂಗಿದರೆ ಮುಕ್ಕಾಲು ಗಂಟೆಯಲ್ಲಿ ಕೈಕಾಲು ಸಡಿಲ ಆಗಿ ದೋಸೆ ಹುಯ್ಯುತ್ತೇನೆ. ಮಧ್ಯಾಹ್ನ ಊಟ ಆದ ಮೇಲೆ ನುಂಗಿದ್ದು ಮಾತ್ರ ಎಲ್ಲಿಗೆ ಹೋಗುತ್ತದೋ! ನಾಲ್ಕು ಗಂಟೆವರೆಗೆ ನಾನು ಮರದ ಕೊರಡು. ಅಡುಗೆಮನೆ ಹೊಸ್ತಿಲಿಗೆ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡು ಬಿಡುತ್ತದೆ. ಹಿಂದಿನಿಂದ ಯಾರಾದರೂ "ಬೇಗ ಬಾ" ಎಂದರೆ ಇನ್ನೂ ಜಾಸ್ತಿ.

ಡಾಕ್ಟರ ಹತ್ತಿರ ಹೋಗುವುದು ಮೂರು ತಿಂಗಳಿಗೊಮ್ಮೆ, ಒಳಗೆ ಇರುವುದು ಐದು ನಿಮಿಷ. ಬೆಳಗಿನ ಹೊತ್ತು ನೋಡಿ, ಅವರ ಮುಂದೆ ಚೆನ್ನಾಗೇ ನಡೆಯುತ್ತೇನೆ. "ಪರವಾಗಿಲ್ಲ, ಇದನ್ನೇ ಮುಂದುವರಿಸಿ" ಎನ್ನುತ್ತಾರೆ. ನಾನೇ ಇನ್ನೊಂದು ಮಾತ್ರೆ ಜಾಸ್ತಿ ತಗೊಳ್ಳಲಾ? ಇದರ ಮಧ್ಯೆ ನಮ್ಮ ನೆಂಟರೊಬ್ಬರು ನಸುಗುನ್ನಿ ಬೀಜದ ಪುಡಿ ತಿನ್ನು, ಇಂಗ್ಲಿಷ್ ಮಾತ್ರೆ ಬಿಡು ಅಂತ ಗಂಟುಬಿದ್ದಿದ್ದಾರೆ.

ಹಳೇ ಅಂಚೆಯಣ್ಣ:
ತಂಗೀ, ಮಧ್ಯಾಹ್ನದ ಊಟ ಏನು? ಮುದ್ದೆ, ಹುರುಳಿಕಾಳು ಸಾರು, ಕೊನೆಗೆ ಗಟ್ಟಿ ಮೊಸರು. ಸರಿನಾ?

ನನಗೆ ಈ ಕಾಯಿಲೆ 11 ವರ್ಷದಿಂದ ಇದೆ. ಮಾತ್ರೆಯಲ್ಲಿರುವ ಲೆವೊಡೋಪಾ ಕರುಳಿನಿಂದ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ ಹೋಗಬೇಕು. ಬೇಳೆಕಾಳು, ಹಾಲು, ಮೊಸರಿನ ಪ್ರೋಟೀನ್ ಕೂಡ ಅದೇ ಬಾಗಿಲಲ್ಲಿ ನುಗ್ಗುತ್ತದೆ. ಸಂತೆ ದಿನದ ಬಸ್ಸಿದ್ದ ಹಾಗೆ, ಸಾರು ಮೊದಲು ಹತ್ತಿದರೆ ಮಾತ್ರೆ ಕೆಳಗೇ ಉಳಿಯುತ್ತದೆ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬಹುದಾ ಅಂತ ಡಾಕ್ಟರನ್ನು ಕೇಳಿ. ಕಾಳು ಪೂರ್ತಿ ಬಿಡಬೇಡಿ, ಸೊರಗಿ ಹೋಗುತ್ತೀರಿ. ನಾನು ಜಾಸ್ತಿ ಭಾಗ ರಾತ್ರಿಗೆ ಹಾಕಿಕೊಂಡಿದ್ದೇನೆ.

ಮಾತ್ರೆ ನೀವೇ ಏರಿಸಬೇಡಿ. ಒಂದು ವಾರ ಬರೆದಿಡಿ: ಎಷ್ಟು ಗಂಟೆಗೆ ನುಂಗಿದಿರಿ, ಏನು ಉಂಡಿರಿ, ಯಾವಾಗ ಕಾಲು ಕಟ್ಟಿತು. ಆ ಹೊಸ್ತಿಲ ಫಜೀತಿಯನ್ನು ಸೊಸೆ ಮೊಬೈಲಲ್ಲಿ ವಿಡಿಯೊ ಮಾಡಲಿ. ಐದು ನಿಮಿಷದ ಡಾಕ್ಟರಿಗೆ ಅರ್ಧ ನಿಮಿಷದ ವಿಡಿಯೊ ಸಾಕು.

ಮೈಸೂರಿನ ಮಗ:
ಅಮ್ಮಾ, ನಸುಗುನ್ನಿಯಲ್ಲಿ ಇರುವುದೂ ಲೆವೊಡೋಪಾನೇ. ಹಾಗಾಗಿ ನಿಮ್ಮ ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಒಂದು ಚಮಚದಲ್ಲಿ ಎಷ್ಟು ಇದೆ ಅಂತ ಹೇಳುವವರಿಲ್ಲ. ಮಾತ್ರೆ ಜೊತೆ ಅದೂ ಸೇರಿದರೆ ಲೆಕ್ಕ ತಪ್ಪುತ್ತದೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರಂತೂ ಜೀವಕ್ಕೇ ಅಪಾಯ ಆಗಬಹುದು.

ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. ನಮ್ಮ ಅಪ್ಪನಿಗೂ ಪಾರ್ಕಿನ್ಸನ್. ಅವರಿಗೆ ಹೊಟ್ಟೆ ಕೆಟ್ಟು ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದಾಗ ವಾಂತಿ ನಿಲ್ಲಲು ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ ಕೊಟ್ಟರು. ವಾಂತಿ ನಿಂತಿತು, ಅಪ್ಪನೂ ನಿಂತುಬಿಟ್ಟರು. ಎರಡು ದಿನ ಮಗ್ಗುಲು ಬದಲಿಸಲೂ ಆಗಲಿಲ್ಲ. ಲೆವೊಡೋಪಾ ಮಿದುಳಿನಲ್ಲಿ ಡೋಪಮೈನ್ ಆಗಿಯೇ ಕೈಕಾಲು ಸಡಿಲ ಮಾಡುವುದು; ಈ ಇಂಜೆಕ್ಷನ್ ಆ ಡೋಪಮೈನ್ ಕೆಲಸವನ್ನೇ ತಡೆಯುತ್ತದೆ. ತಲೆಸುತ್ತಿಗೆ ಕೊಡುವ ಸ್ಟೆಮೆಟಿಲ್ ಕೂಡ ಅದೇ ಜಾತಿ. ಈಗ ಈ ಎರಡೂ ಹೆಸರು ಬರೆದ ಚೀಟಿ ಅಪ್ಪನ ಜೇಬಿನಲ್ಲೇ ಇರುತ್ತದೆ.

ತೆಂಗಿನಗರಿ:
ಅಣ್ಣಾ, ಹುರುಳಿ ಅಲ್ಲ, ಅವರೆಕಾಳು. ಉಳಿದಿದ್ದೆಲ್ಲ ಸರಿ! ರಕ್ತ ಕಡಿಮೆ ಅಂತ ಕೊಟ್ಟ ಐರನ್ ಮಾತ್ರೆನೂ ಮಧ್ಯಾಹ್ನ ಇದರ ಜೊತೆಗೇ ನುಂಗುತ್ತೇನೆ. ತೊಂದರೆ ಇಲ್ಲ ಅಲ್ವಾ?

ಹಳೇ ಅಂಚೆಯಣ್ಣ:
ಇದೆ! ಕಬ್ಬಿಣ ಲೆವೊಡೋಪಾವನ್ನು ಹೊಟ್ಟೆಯಲ್ಲೇ ಹಿಡಿದು ಕೂರಿಸುತ್ತದೆ. ನನಗೆ ಕನಿಷ್ಠ ಎರಡು ಗಂಟೆ ಅಂತರ ಇಡಲು ಹೇಳಿದ್ದಾರೆ. ಇದನ್ನೂ ಡಾಕ್ಟರಿಗೆ ಹೇಳಿ.

ಕಾಲು ಕಟ್ಟಿದಾಗ ಎಳೆದಾಡಬೇಡಿ, ಬೀಳುತ್ತೀರಿ. ನಿಲ್ಲಿ. ಉಸಿರು ಬಿಡಿ. ಮೈಭಾರವನ್ನು ಎಡಕ್ಕೆ ಬಲಕ್ಕೆ ಎರಡು ಸಲ ತೂಗಿ, ಆಮೇಲೆ ಏನನ್ನೋ ದಾಟುವ ಹಾಗೆ ಕಾಲು ಎತ್ತಿ. ನೆಲದ ಮೇಲೆ ಅಡ್ಡ ಗೆರೆ ಇದ್ದರೆ ಇನ್ನೂ ಸಲೀಸು. ಬರೀ ನೆಲದಲ್ಲಿ ಹೆಜ್ಜೆ ಏಳದವನು ಗೆರೆ ಕಂಡರೆ ದಾಟುತ್ತಾನೆ. ವಿಚಿತ್ರ, ಆದರೆ ನಿಜ. ನಮ್ಮನೆ ಬಚ್ಚಲ ದಾರಿಗೆ ಬಣ್ಣದ ಟೇಪ್ ಅಂಟಿಸಿದ್ದೇವೆ.

ಕಾಗದಪತ್ರ:
ಒಂದೇ ಮಾತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಪಾರ್ಕಿನ್ಸನ್ ಇರಲಿಲ್ಲ. 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯದಲ್ಲಿ ಇದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಆನ್‌ಲೈನಲ್ಲಿ ಅರ್ಜಿ ಹಾಕಿ. ಹೆಚ್ಚಿನ ಸವಲತ್ತಿಗೆ ಶೇ. 40 ಅಂಗವೈಕಲ್ಯ ಇರಬೇಕು. ತಪಾಸಣೆಗೆ ಹೋಗುವಾಗ ಆ ವಿಡಿಯೊ ಮರೆಯಬೇಡಿ.

ತೆಂಗಿನಗರಿ:
ಹದಿನೆಂಟು ದಿನ ಬಿಟ್ಟು ಬರೆಯುತ್ತಿದ್ದೇನೆ. ವಿಡಿಯೊ ನೋಡಿ ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮಾತ್ರೆ ಏರಿಸಲಿಲ್ಲ. ಮಧ್ಯಾಹ್ನದ್ದನ್ನು ಹನ್ನೆರಡಕ್ಕೆ ತಂದರು, ಊಟ ಒಂದಕ್ಕೆ, ಐರನ್ ರಾತ್ರಿ ಮಲಗುವಾಗ. ಎಲ್ಲ ದಿನವೂ ಸರಿ ಇರುತ್ತದೆ ಅಂತಲ್ಲ. ನಿನ್ನೆ ಮತ್ತೆ ಕಟ್ಟಿತು. ಆದರೆ ಮೊನ್ನೆ ಮೂರು ಗಂಟೆಗೆ ನಾನೇ ಕಾಫಿ ಮಾಡಿದೆ.

ಟೇಪ್ ಯಾಕೆ ಎಂದು ಸೊಸೆ ಹೊಸ್ತಿಲ ಮುಂದೆ ಬಿಳಿ ಪೇಂಟಿನಲ್ಲಿ ಐದು ಗೆರೆ ಎಳೆದಿದ್ದಾಳೆ. ಮೊಮ್ಮಗ ಅದರ ಮೇಲೆ ಕುಂಟೆಬಿಲ್ಲೆ ಶುರು ಮಾಡಿದ್ದಾನೆ. ಅವನ ಆಟ ಮುಗಿಯುವವರೆಗೆ ನಾನು ಕಾಯಬೇಕು.